ಆಯಿಯ ತವರೂರು ಯಾವ ಹಾಳೆಯಲ್ಲಿದೆ?



ನಿಮ್ಮ ಫೋನ್ ಕರೆ ಸ್ಟುಡಿಯೋಕ್ಕೆ ಬಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆ ನಿಮಗೆ ಬಾಯಿಪಾಠ ಆಗಿರಬೇಕು. "ನಿಮ್ಮ ಊರು ಯಾವುದು?" ನೀವು ಘಾಟ್‌ಕೋಪರ್ ಅಂತೀರಿ, ಡೊಂಬಿವಿಲಿ ಅಂತೀರಿ. ನಾನು ಬಿಡುವುದಿಲ್ಲ. "ಅದು ಸರಿ, ಮೂಲ ಊರು?" ಆಗ ಒಂದು ಕ್ಷಣ ಆ ಕಡೆಯಿಂದ ಮಾತಿಲ್ಲ. ಆಮೇಲೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ ತರಹ. "ಬಿಜಾಪುರದ ಕಡೆ ಮೇಡಂ." "ಅಕ್ಕಲಕೋಟದ ಹತ್ತಿರ ಎಲ್ಲೋ, ಅಪ್ಪನಿಗೆ ಗೊತ್ತಿತ್ತು."

ಈ "ಕಡೆ" ಮತ್ತು "ಹತ್ತಿರ" ಎಂಬ ಎರಡು ಮಾತುಗಳ ಬಗ್ಗೆಯೇ ಇವತ್ತಿನ ಬರಹ. ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಇವೇ ಎರಡು ಮಾತು ಓಡಾಡುತ್ತಿದ್ದವು. ಕೊನೆಗೆ ಅವುಗಳಿಗೆ ಒಂದು ನೆಲೆ ಸಿಕ್ಕಿದ್ದು ಸರ್ಕಾರಿ ನಕ್ಷೆಯ ಒಂದು ಹಾಳೆಯಲ್ಲಿ. ಶಾಲೆಯ ಭೂಗೋಳ ಪಾಠದಲ್ಲಿ ಸ್ಥಳಾಕೃತಿ ನಕ್ಷೆ ಅಂತ ಓದಿ, ಪರೀಕ್ಷೆ ಮುಗಿದ ಮರುದಿನ ಮರೆತಿದ್ದೆವಲ್ಲ, ಅದೇ! ಸರ್ವೆಯವರು, ಎಂಜಿನಿಯರುಗಳು, ಚಾರಣಕ್ಕೆ ಹೋಗುವವರು ಅದನ್ನು ಟೋಪೋಶೀಟ್ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ನಮ್ಮ ತಂದೆಯ ತಾಯಿಗೆ ನಾವು ಆಯಿ ಅನ್ನುತ್ತೇವೆ. ಎಂಬತ್ತೈದು ದಾಟಿದ ಜೀವ. ಹನ್ನೆರಡನೇ ವಯಸ್ಸಿಗೆ ಮದುವೆಯಾಗಿ ಸೋಲಾಪುರಕ್ಕೆ ಬಂದವಳು. ಅಲ್ಲಿಂದ ಮುತ್ಯಾನ ಹಿಂದೆ ಮುಂಬಯಿಯ ಗಿರಣಿ ಚಾಳಿಗೆ. ಮದುವೆಯಲ್ಲಿ ಹೆಸರೂ ಬದಲಾಯಿತು, ಅಡ್ಡಹೆಸರೂ ಬದಲಾಯಿತು. ತಾಯಿ ಬೇಗ ತೀರಿಕೊಂಡಿದ್ದಳು, 1972ರ ಬರಗಾಲದಲ್ಲಿ ಅಣ್ಣನೂ ಊರು ಬಿಟ್ಟ ಅಂತ ಸುದ್ದಿ ಬಂತು. ಅಲ್ಲಿಗೆ ತವರಿನ ದಾರಿ ಮುಚ್ಚಿತು. ಎರಡು ವರ್ಷದ ಹಿಂದೆ ಒಂದು ಸಂಜೆ ಇದ್ದಕ್ಕಿದ್ದಂತೆ ಕೇಳಿದಳು, "ತಂಗಿ, ನನ್ನ ತವರಮನಿ ಬಾವಿ ಒಂದ್ ಸಲ ನೋಡಬೇಕನಸ್ತೈತಿ. ಕರಕೊಂಡ್ ಹೋಗ್ತೀಯೇನ?"

ಊರಿನ ಹೆಸರು ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಹೆಸರನ್ನು ನಾನು ಇಲ್ಲಿ ಬೇಕೆಂತಲೇ ಬರೆಯುತ್ತಿಲ್ಲ, ಕಾರಣ ಮುಂದೆ ತಿಳಿಯುತ್ತೆ. ತೊಂದರೆ ಏನೆಂದರೆ, ಆ ಹೆಸರಿನ ಊರು ಒಂದಲ್ಲ, ಎರಡು. ಭೀಮಾ ನದಿಯ ಈಚೆ ವಿಜಯಪುರ ಜಿಲ್ಲೆಯಲ್ಲಿ ಒಂದು, ಆಚೆ ಕಲಬುರಗಿ ಜಿಲ್ಲೆಯಲ್ಲಿ ಒಂದು.

ಇದು ನಮ್ಮೊಬ್ಬರ ಕಷ್ಟ ಅಂದುಕೊಳ್ಳಬೇಡಿ. ಆ ಭಾಗದ ಅಡ್ಡಹೆಸರುಗಳೆಲ್ಲ ಊರಿನ ಮೇಲೆಯೇ ನಿಂತಿವೆ. ನಿಂಬರಗಿ ಅಂತ ಅಡ್ಡಹೆಸರಿನವರು ಇದ್ದಾರೆ ಅನ್ನಿ. ಚಡಚಣದ ಕಡೆ ದೇವರ ನಿಂಬರಗಿ ಇದೆ, ಆಳಂದ ತಾಲೂಕಿನಲ್ಲಿ ನಿಂಬರ್ಗಾ ಇದೆ. ಅಜ್ಜ ಯಾವ ಊರಿನಿಂದ ಹೊರಟರು? ಇಂಡಿಯ ಸೀಮೆಯಲ್ಲಿ ಹಿರೇಬೇವನೂರು, ಚಿಕ್ಕಬೇವನೂರು ಎರಡೂ ಇವೆ. ಅಡ್ಡಹೆಸರು ಬೇವನೂರ ಅಂತ ಮಾತ್ರ ಉಳಿದರೆ ಹಿರೇ ಎಲ್ಲಿ ಹೋಯಿತು, ಚಿಕ್ಕ ಎಲ್ಲಿ ಹೋಯಿತು? ಬೆಳಗಾವಿ, ಸೋಲಾಪುರದ ಕಡೆ ಇದೇ ಹಿರೇ, ಚಿಕ್ಕಗಳು ಬುದ್ರುಕ, ಖುರ್ದ ಎಂಬ ಪಾರಸಿ ಮೂಲದ ವೇಷ ಹಾಕಿಕೊಂಡು ನಿಂತಿವೆ. ಈಗಿನ ಬಸ್ಸಿನ ಬೋರ್ಡಿನಲ್ಲಿ ಅವು ಬಿ.ಕೆ., ಕೆ.ಎಚ್. ಆಗಿವೆ. ಇನ್ನು ಅಕ್ಕಲಕೋಟದಿಂದ ಹೊರಟವನು ಮರಾಠಿ ನೆರೆಯಲ್ಲಿ ಅಕ್ಕಲಕೋಟಕರ ಆಗುತ್ತಾನೆ, ಕನ್ನಡ ನೆರೆಯಲ್ಲಿ ಅಕ್ಕಲಕೋಟಿ. ಎರಡು ತಲೆಮಾರು ಕಳೆದರೆ ಅವರಿಬ್ಬರೂ ಒಂದೇ ಅಜ್ಜನ ಮೊಮ್ಮಕ್ಕಳೆಂದು ಅವರಿಗೇ ಗೊತ್ತಿರುವುದಿಲ್ಲ.

ವಂಶದ ಲೆಕ್ಕ ಇಡಲು ನಮ್ಮಲ್ಲಿ ಜನ ಇರಲಿಲ್ಲವೇ? ಇದ್ದರು, ಇದ್ದಾರೆ ಕೂಡ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುವ ಹೆಳವರನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ಮನೆಯ ಮುಂದೆ ನಿಂತು, ನಿಮ್ಮ ಮೂಲಪುರುಷ ಯಾರು, ಯಾವ ಊರಿನಿಂದ ಎದ್ದು ಯಾವ ಊರಿಗೆ ಬಂದ, ಅವನಿಗೆ ಎಷ್ಟು ಗಂಡುಮಕ್ಕಳು ಎಂದು ಒಂದೇ ಉಸಿರಿನಲ್ಲಿ ಹೇಳಿ, ಕಾಳು ಇಸಿದುಕೊಂಡು ಹೋಗುತ್ತಾರೆ. ಆದರೆ ಗಮನಿಸಿ, "ಎಷ್ಟು ಗಂಡುಮಕ್ಕಳು." ತಲಾಠಿಯ ಹತ್ತಿರ ಬರೆಸುವ ವಂಶಾವಳಿಯ ಹಳೆಯ ಪ್ರತಿಗಳಲ್ಲೂ ಬಹುಮಟ್ಟಿಗೆ ಇದೇ ಕಥೆ. ಮಗಳು ಮದುವೆಯಾದ ದಿನ ಆ ಕಾಗದದಿಂದ ಇಳಿದು ಹೋಗುತ್ತಾಳೆ. ಹತ್ತಿದ ಕಾಗದದಲ್ಲಿ ಅವಳಿಗೆ ಬೇರೆ ಹೆಸರು. ನಮ್ಮ ಮುತ್ಯಾನ ಕಡೆಯ ಏಳು ತಲೆಮಾರು ಹೆಳವರ ಬಾಯಲ್ಲಿ ಭದ್ರವಾಗಿದೆ. ಆಯಿಯ ಕಡೆಯದು ಒಂದು ತಲೆಮಾರೂ ಇಲ್ಲ.

ಆಯಿಯ ಬಳಿ ಇದ್ದದ್ದು ಕಾಗದವಲ್ಲ, ನೆಲದ ನೆನಪು. ಹೊಳೆ ಎತ್ತ ಇತ್ತು, ದಿಬ್ಬ ಎತ್ತ ಇತ್ತು, ಗುಡಿಯಿಂದ ಬಾವಿಗೆ ಎಷ್ಟು ಹೆಜ್ಜೆ... ನೀರು ಹೊತ್ತವರಿಗೆ ದೂರ ಮರೆಯುವುದಿಲ್ಲ. ಈ ತರಹದ ನೆನಪನ್ನು ಒರೆಗೆ ಹಚ್ಚಿ ನೋಡಬಹುದಾದ ಕಾಗದ ಟೋಪೋಶೀಟ್ ಒಂದೇ ಅಂತ ಆಗ ನನಗೆ ಗೊತ್ತಿರಲಿಲ್ಲ.

ಮೊದಲು ನಾವೂ ಎಲ್ಲರಂತೆ ಮೊಬೈಲ್ ನಕ್ಷೆ ತೆಗೆದೆವು. ಆಯಿ ಹೇಳಿದ್ದು, ಊರು ಹೊಳೆಯ ದಂಡೆಗೇ ಅಂಟಿಕೊಂಡಿತ್ತು ಅಂತ. ವಿಜಯಪುರ ಜಿಲ್ಲೆಯ ಊರು ಮೊಬೈಲಿನಲ್ಲಿ ನದಿಯಿಂದ ಒಂದು ಮೈಲಿಯಷ್ಟು ದೂರ, ಮೇಲಿನ ರಸ್ತೆಗೆ ತೋರಿಸುತ್ತಿತ್ತು. ಕಲಬುರಗಿ ಜಿಲ್ಲೆಯ ಊರಿನ ಪಕ್ಕದಲ್ಲೇ ನೀಲಿ ಗೆರೆ. "ಇದೇ ಆಯಿಯ ಊರು" ಅಂತ ನಮ್ಮ ಚಿಕ್ಕಪ್ಪನ ಮಗ ಕಾರು ಹೊಡೆದುಕೊಂಡು ಹೋಗಿ ಬಂದ. ಅಲ್ಲಿ ಆಯಿ ಹೇಳಿದ ಗುಡಿ ಇಲ್ಲ, ಅವಳ ಮನೆತನದವರು ಯಾರೂ ಇಲ್ಲ, ನೀಲಿ ಗೆರೆ ಹೊಳೆಯಲ್ಲ, ಬೇಸಿಗೆಯಲ್ಲಿ ಒಣಗುವ ಹಳ್ಳ. ಆಯಿಗೆ ವಯಸ್ಸಾಯಿತು, ನೆನಪು ಕಲಸಿದೆ ಎಂದು ಮನೆಯವರೆಲ್ಲ ತೀರ್ಮಾನ ಮಾಡಿದರು. ಅವಳೂ ಸುಮ್ಮನಾದಳು. ಆ ಸುಮ್ಮನಾದದ್ದು ನನಗೆ ಸಹಿಸಲಿಲ್ಲ.

ಈಗ ಸ್ವಲ್ಪ ಇತಿಹಾಸ. ಬೇಸರ ಮಾಡಿಕೊಳ್ಳಬೇಡಿ, ಹಾಡಿನ ನಡುವೆ ಜಾಹೀರಾತಿನಷ್ಟೇ ಹೊತ್ತು!

ಈ ನಕ್ಷೆಗಳನ್ನು ಮಾಡುವ ಭಾರತೀಯ ಸರ್ವೇಕ್ಷಣ ಇಲಾಖೆ ಶುರುವಾದದ್ದು 1767ರಲ್ಲಿ. ನಮ್ಮ ಕಡೆಯ ಕಥೆ ಆರಂಭವಾಗುವುದು ಟಿಪ್ಪು ಮಡಿದ 1799ರ ನಂತರ. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಪರಂಗಿಮಲೆಯ ಬಳಿ ಸರಪಣಿ ಹಿಡಿದು ಒಂದು ಆಧಾರರೇಖೆ ಅಳೆದ. ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಉತ್ತರಕ್ಕೆ ಹೊರಟು, 1815ರಲ್ಲಿ ನಮ್ಮ ಬೀದರಿನ ಬಳಿ ಇನ್ನೊಂದು ರೇಖೆ ಅಳೆದ. ಇವತ್ತಿಗೂ ಹಳ್ಳಿಗಳ ದಿಬ್ಬದ ಮೇಲೆ ಕಾಣುವ ಸರ್ವೆ ಕಲ್ಲುಗಳು ಈ ಹೆಣಿಗೆಯ ಗಂಟುಗಳು. ಮೆಕೆಂಜಿಯ ಜನ ನೆಲ ಅಳೆದದ್ದಷ್ಟೇ ಅಲ್ಲ, ಊರೂರಿನ ಕೈಫಿಯತ್ತುಗಳನ್ನೂ ಬರೆಸಿಕೊಂಡರು. ಅದರಲ್ಲಿ ಕಾವಲಿ ವೆಂಕಟ ಬೊರಯ್ಯನಂಥ ನಮ್ಮವರ ದುಡಿಮೆಯೇ ದೊಡ್ಡದು. ಆ ಕೈಫಿಯತ್ತುಗಳ ದೊಡ್ಡ ರಾಶಿ ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಚೆನ್ನೈ ಕೇಳುಗರೇ, ನಿಮ್ಮ ಮೂಲ ಬಳ್ಳಾರಿಯ ಕಡೆಯಾದರೆ ಅಲ್ಲಿಗೆ ಒಮ್ಮೆ ಹೋಗಿ ಬನ್ನಿ.

ನಮಗೆ ಬೇಕಾದ ಬಣ್ಣದ ಟೋಪೋಶೀಟುಗಳು 1905ರ ನಂತರದ ಹೊಸ ಸರ್ವೆಯ ಫಲ. ಆಗ ಒಂದು ಮೈಲಿಗೆ ಒಂದು ಅಂಗುಲದ ಲೆಕ್ಕ. ಸ್ವಾತಂತ್ರ್ಯದ ನಂತರ ಮೆಟ್ರಿಕ್ ಪದ್ಧತಿ ಬಂದಮೇಲೆ ಒಂದು ಕಿಲೋಮೀಟರಿಗೆ ಎರಡು ಸೆಂಟಿಮೀಟರು. ಒಂದು ಹಾಳೆ ಸುಮಾರು 27 ಕಿ.ಮೀ. ಉದ್ದ, ಹೆಚ್ಚುಕಡಿಮೆ ಅಷ್ಟೇ ಅಗಲದ ನೆಲ ತೋರಿಸುತ್ತೆ. ಬೆಳಿಗ್ಗೆ ಚಕ್ಕಡಿ ಕಟ್ಟಿದರೆ ಸಂಜೆಯ ಹೊತ್ತಿಗೆ ಈ ಅಂಚಿನಿಂದ ಆ ಅಂಚು! ಅಂದರೆ ಹಿಂದಿನವರ ಸಂತೆ, ಜಾತ್ರೆ, ಬೀಗತನ ಬಹುಪಾಲು ಒಂದೆರಡು ಹಾಳೆಯೊಳಗೇ ಮುಗಿಯುತ್ತಿತ್ತು. ನಾನು ನಮ್ಮ ಮನೆಯ ಮದುವೆಗಳ ಊರುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ ನೋಡಿದೆ. ಮುತ್ಯಾನ ತಲೆಮಾರಿನವರೆಗೆ ಎಲ್ಲವೂ ಪಕ್ಕಪಕ್ಕದ ಎರಡು ಹಾಳೆಯಲ್ಲಿದ್ದವು. ಗಿರಣಿ ಕೆಲಸಕ್ಕೆ ಹೋದ ಮೇಲಷ್ಟೇ ಗೆರೆ ಹಾಳೆ ದಾಟಿತು.

ಹಾಳೆಯ ನಂಬರು ಹುಡುಕುವುದು ಕಷ್ಟವಲ್ಲ. ಇಡೀ ದೇಶವನ್ನು ನಾಲ್ಕು ಡಿಗ್ರಿಯ ದೊಡ್ಡ ಚೌಕಗಳಾಗಿ ಕತ್ತರಿಸಿ ನಂಬರು ಕೊಟ್ಟಿದ್ದಾರೆ. ರೇಖಾಂಶ 72ರಿಂದ 76, ಅಕ್ಷಾಂಶ 16ರಿಂದ 20ರ ನಡುವಿನದು 47ನೇ ಚೌಕ. ಅದರ ಬಲಮಗ್ಗುಲಿನದು 56. ಪ್ರತಿ ಚೌಕದಲ್ಲಿ ಎ ಇಂದ ಪಿ ವರೆಗೆ ಹದಿನಾರು ಮನೆ, ಪ್ರತಿ ಮನೆಯಲ್ಲಿ ಮತ್ತೆ ಹದಿನಾರು ಹಾಳೆ. ಎಣಿಕೆ ಮೇಲಿನಿಂದ ಕೆಳಕ್ಕೆ, ನಮ್ಮ ಓದಿನಂತೆ ಎಡದಿಂದ ಬಲಕ್ಕಲ್ಲ. ಅಲ್ಲೇ ಎಲ್ಲರೂ ಎಡವುವುದು. ಹೀಗೆ ಮುಂಬಯಿ 47 ಎ, ಸೋಲಾಪುರ 47 ಓ, ವಿಜಯಪುರ 47 ಪಿ. ಬೆಳಗಾವಿ 48 ಐ. ಅಕ್ಕಲಕೋಟ, ಕಲಬುರಗಿ 56 ಸಿ. ಈಗ ಸಾರ್ವಜನಿಕರಿಗೆ ಕೊಡುವ ಹಾಳೆಗಳಿಗೆ ಬೇರೆ ನಂಬರಿನ ಪದ್ಧತಿ ಬಂದಿದೆ, ಆದರೂ ತಿಳಿದವರ ಬಾಯಲ್ಲಿ ಹಳೆಯ ನಂಬರೇ ಓಡುತ್ತೆ. ಇನ್ನೊಂದು ಮಾತು, ನೀವು ಹುಡುಕುವ ಊರು ಯಾವಾಗಲೂ ಹಾಳೆಯ ಅಂಚಿನಲ್ಲೇ ಸಿಗುತ್ತೆ! ಭೀಮೆಯ ಗಡಿ ಸೀಮೆಗೆ ಇದು ಇನ್ನೂ ನಿಜ, ಯಾಕೆಂದರೆ 76ನೇ ರೇಖಾಂಶ ಸರಿಯಾಗಿ ಅಲ್ಲೇ ಹಾದುಹೋಗುತ್ತೆ. ಇಂಡಿ ಪಟ್ಟಣ 47ರಲ್ಲಿ, ಅದರ ಪೂರ್ವದ ಹಳ್ಳಿಗಳು 56ರಲ್ಲಿ.

ಇನ್ನು ಆ ಸೀಮೆಯ ರಾಜಕೀಯ. 1956ರ ನವೆಂಬರ್ 1ಕ್ಕೆ ಮೊದಲಿನ ಹಾಳೆ ತೆಗೆದು ನೋಡಿದರೆ ತಲೆ ತಿರುಗುತ್ತೆ. ಸೋಲಾಪುರ, ಬಿಜಾಪುರ ಬ್ರಿಟಿಷರ ಮುಂಬಯಿ ಪ್ರಾಂತ. ನಡುವೆ ಅಕ್ಕಲಕೋಟದ ರಾಜರ ಸಂಸ್ಥಾನ. ಆಳಂದ, ಅಫಜಲಪುರ ನಿಜಾಮನದು. ಪಶ್ಚಿಮಕ್ಕೆ ಜತ್ತ ಇನ್ನೊಂದು ಸಂಸ್ಥಾನ, ಮಂಗಳವೇಢೆ ಸಾಂಗಲಿಯವರದು. ದಕ್ಷಿಣಕ್ಕೆ ಇಳಿದರೆ ಇನ್ನೂ ವಿಚಿತ್ರ. ಹುಬ್ಬಳ್ಳಿಯ ಪಕ್ಕದ ಕುಂದಗೋಳ ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಸಾಂಗಲಿಗೆ, ಲಕ್ಷ್ಮೇಶ್ವರ ಮಿರಜಿಗೆ. ಹರಿದ ಕೌದಿ ಅಂತೀವಲ್ಲ, ಹಾಗೆ.

ಮನೆತನದ ಕಾಗದ ಹುಡುಕುವವರಿಗೆ ಈ ಕೌದಿಯೇ ಮುಖ್ಯ. ಯಾಕೆಂದರೆ ಊರು ಯಾರ ಆಡಳಿತದಲ್ಲಿತ್ತೋ, ಅದರ ಕಾಗದ ಆ ದಫ್ತರಿನಲ್ಲಿ, ಆ ಭಾಷೆಯಲ್ಲಿ, ಆ ಲಿಪಿಯಲ್ಲಿ. ಬ್ರಿಟಿಷ್ ಮುಂಬಯಿ ಪ್ರಾಂತದಲ್ಲಿ ಹೊಲಗಳಿಗೆ ಸರ್ವೆ ನಂಬರು ಕೊಡುವ ಹೊಸ ಪದ್ಧತಿ 1836ರ ಸುಮಾರಿಗೆ ಪುಣೆ ಸೀಮೆಯ ಇಂದಾಪುರದಲ್ಲಿ ಶುರುವಾಗಿ ನಮ್ಮ ಕಡೆ ಹಬ್ಬಿತು. ಅದಕ್ಕೂ ಹಿಂದಿನದು ಮೋಡಿ ಲಿಪಿಯ ಮರಾಠಿ. ನದಿ ದಾಟಿದರೆ ನಿಜಾಮನ ಪಾರಸಿ, ಆಮೇಲೆ ಉರ್ದು. ಇದನ್ನು ತಿಳಿಯದೆ ಹೋದರೆ ಇಲ್ಲದ ಕಡೆ ಹುಡುಕಿ, "ಏನೂ ಸಿಗಲಿಲ್ಲ" ಅಂತ ವಾಪಸು ಬರುತ್ತೀರಿ. ಜಿಲ್ಲೆಯ ಹೆಸರಿನಲ್ಲೂ ಎಚ್ಚರ ಬೇಕು. 1885ರಲ್ಲಿ ಮುಖ್ಯಠಾಣೆ ಬಿಜಾಪುರಕ್ಕೆ ಬರುವವರೆಗೆ ಆ ಜಿಲ್ಲೆಗೆ ಕಲಾದಗಿ ಎಂದು ಹೆಸರು. 2014ರಿಂದ ಅದು ವಿಜಯಪುರ. ಒಂದೇ ಊರು, ಮೂರು ಕಪಾಟು.

ತಮಾಷೆಯೆಂದರೆ, ಊರು ಬಿಟ್ಟು ಬಂದ ನಮಗೆ ಊರಿನವರಿಗಿಲ್ಲದ ಅನುಕೂಲ ಇದೆ. ಆ ಕಪಾಟುಗಳು ಇರುವುದು ನಾವಿರುವ ಶಹರಗಳಲ್ಲೇ. ಮುಂಬಯಿ ಪ್ರಾಂತದ ಕಂದಾಯ ಕಡತಗಳು ಕಾಳಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ. ಪೇಶ್ವೆಯರ ಕಾಲದ್ದು ಪುಣೆಯ ಪೇಶ್ವೆ ದಫ್ತರದಲ್ಲಿ. ನಿಜಾಮನ ಕಾಲದ್ದು ಹೈದರಾಬಾದಿನ ತಾರ್ನಾಕಾ ಪತ್ರಾಗಾರದಲ್ಲಿ. ಬಳ್ಳಾರಿ, ದಕ್ಷಿಣ ಕನ್ನಡ, 1956ರವರೆಗೆ ಅದರ ಭಾಗವೇ ಆಗಿದ್ದ ಕಾಸರಗೋಡು, ಇವುಗಳ ಮದರಾಸು ಪ್ರಾಂತದ ಕಾಗದ ಚೆನ್ನೈಯ ಎಗ್ಮೋರಿನಲ್ಲಿ. ದಿಲ್ಲಿಯವರಿಗೆ ಜನಪಥದ ರಾಷ್ಟ್ರೀಯ ಅಭಿಲೇಖಾಗಾರ. ಸಂಸ್ಥಾನಗಳ ಪತ್ರವ್ಯವಹಾರ, ಸರ್ವೆ ಇಲಾಖೆಯ ಹಳೆಯ ನಕ್ಷೆ ಅಲ್ಲಿವೆ. ಲೋಕಲ್ ರೈಲಿನಲ್ಲಿ ಹೋಗಿ ಬರುವ ದೂರ. ಆದರೆ ಯಾವ ಬಾಗಿಲು ಬಡಿಯಬೇಕು ಎಂದು ಹೇಳುವುದು ಟೋಪೋಶೀಟಿನ ಮೇಲಿನ ಆ ಚುಕ್ಕೆ-ಗೆರೆಯ ಗಡಿ. ಗೆರೆಯ ಈಚೆಗೋ, ಆಚೆಗೋ, ಅಷ್ಟೇ.

ಆಯಿಯ ವಿಷಯಕ್ಕೆ ಬರೋಣ. ನನ್ನ ಕೈಗೆ ಮೊದಲು ಸಿಕ್ಕಿದ್ದು ಅಮೆರಿಕದ ಸೈನ್ಯದವರು 1950ರ ದಶಕದಲ್ಲಿ ಭಾರತದ ಸರ್ವೆಯ ಆಧಾರದ ಮೇಲೆ ಅಚ್ಚು ಹಾಕಿದ ನಕ್ಷೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅವನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ನಾಲ್ಕು ಸೆಂಟಿಮೀಟರಿಗೆ ಹತ್ತು ಕಿಲೋಮೀಟರು, ಅಂದರೆ ಸ್ವಲ್ಪ ದೂರದಿಂದ ನೋಡಿದಂತೆ. ಆಮೇಲೆ ಪರಿಚಯದ ಪ್ರಾಧ್ಯಾಪಕರೊಬ್ಬರ ಕಪಾಟಿನಿಂದ 56 ಸಿಯ ಒಂದು ಹಳೆಯ ಹಾಳೆ ಸಿಕ್ಕಿತು. ಮಡಿಕೆಯಲ್ಲಿ ಹರಿದದ್ದು, ಹಿಂದೆ ಬಟ್ಟೆ ಅಂಟಿಸಿದ್ದು. ನೆಲದ ಮೇಲೆ ಹಾಸಿ, ಆಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೇಳುತ್ತ ಹೋದೆ.

ಆಯಿಗೆ ಓದು ಬರುವುದಿಲ್ಲ. ಆದರೆ ಟೋಪೋಶೀಟಿಗೆ ಓದು ಬೇಕಿಲ್ಲ ಅಂತ ಅವತ್ತು ಕಂಡೆ. ನೀಲಿ ಅಂದರೆ ನೀರು, ಹಳದಿ ಅಂದರೆ ಹೊಲ, ಕಂದು ಗೆರೆ ಒತ್ತಾಗಿ ಬಂದರೆ ಏರು, ಕೆಂಪು ಚೌಕಗಳು ಮನೆ. ಬಾವಿಗೂ ಗುರುತು, ಗುಡಿಗೂ ಗುರುತು, ಈದ್ಗಾಕ್ಕೂ ಗೋರಿಗೂ ಗುರುತು. ಮೂರು ಊರಿನ ಸೀಮೆ ಕೂಡುವ ಕಲ್ಲಿಗೂ ಒಂದು ಗುರುತು ಇದೆ. ಜನ ಬಿಟ್ಟುಹೋದ ಊರಿಗೂ ಇದೆ. ನಮ್ಮ ಕಂದಾಯದ ಮಾತಿನಲ್ಲಿ ಬೇಚರಾಕ್ ಗ್ರಾಮ ಅನ್ನುತ್ತಾರಲ್ಲ, ಅದು.

"ಆಯಿ, ಮುಂಜಾನೆ ನೀರಿಗೆ ಹೋಗೂವಾಗ ಸೂರ್ಯ ಎಲ್ಲಿರತಿದ್ದ?"

"ಎಲ್ಲಿ ಅಂದ್ರ? ಮಾರೀಗೆ ಹೊಡೀತಿದ್ದ. ಕೊಡ ಹೊತ್ತು ಬರೂವಾಗ ಬೆನ್ನ ಸುಡತಿತ್ತು."

ಅಂದರೆ ಹೊಳೆ ಊರಿಗೆ ಪೂರ್ವಕ್ಕೆ. ಭೀಮೆ ಹರಿಯುವುದು ಹೆಚ್ಚುಕಡಿಮೆ ಆಗ್ನೇಯಕ್ಕೆ, ಆದರೆ ಹಾವಿನಂತೆ ಹೊರಳುತ್ತ ಹರಿಯುತ್ತಾಳೆ. ಪೂರ್ವಕ್ಕೆ ನದಿ ಇರಬೇಕಾದರೆ ಊರು ಒಂದು ಹೊರಳಿನ ಪಡುವಣ ದಂಡೆಯಲ್ಲಿರಬೇಕು.

"ಹೊಳಿ ಆಚೀ ದಂಡಿ ಯಾರದು?"

"ನಿಜಾಮಂದು. ರಜಾಕಾರರ ಗದ್ದಲದಾಗ ಆಚೀ ಕಡೀ ಮಂದಿ ರಾತ್ರೋರಾತ್ರಿ ದಾಟಿ ನಮ್ಮನಿ ಪಡಸಾಲ್ಯಾಗ ಬಂದ್ ಮಲಗಿದ್ರು. ಅವ್ರ ರೊಕ್ಕ ನಮ್ಮ ಅಂಗಡ್ಯಾಗ ನಡೀತಿರಲಿಲ್ಲ."

ಇದು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಮಾತು. ನಡೆಯದ ರೊಕ್ಕ ಅಂದರೆ ನಿಜಾಮನ ಹಾಲಿ ಸಿಕ್ಕಾ. ಈಚೆಗೆ ಕಲ್ದಾರ್ ರೂಪಾಯಿ. ಅಲ್ಲಿಗೆ ಆಯಿಯ ಊರು ಖಂಡಿತ ಬ್ರಿಟಿಷ್ ಬಿಜಾಪುರದ ದಂಡೆ. ಕಲಬುರಗಿ ಜಿಲ್ಲೆಯ ಊರು ಬಿದ್ದುಹೋಯಿತು.

ಎಲ್ಲ ನೆನಪೂ ಹೀಗೆ ಸರಿಯಾಗಿ ಕೂಡಲಿಲ್ಲ, ಅದನ್ನೂ ಹೇಳಬೇಕು. ರಾತ್ರಿ ಉಗಿಬಂಡಿಯ ಸಪ್ಪಳ ಕೇಳುತ್ತಿತ್ತು ಅಂದಳು. ಹಾಳೆಗಳಲ್ಲಿ ನೋಡಿದರೆ ಇತ್ತ ಹೋಟಗಿ-ಗದಗ ಹಾದಿ, ಅತ್ತ ಸೋಲಾಪುರ-ವಾಡಿ ಹಾದಿ, ಎರಡೂ ಆ ಹೊರಳಿಗೆ ದೂರ. ಅದು ಬಹುಶಃ ಸೋಲಾಪುರದ ಗಂಡನ ಮನೆಯ ಸಪ್ಪಳ, ಎಪ್ಪತ್ತು ವರ್ಷದಲ್ಲಿ ತವರಿಗೆ ಹೋಗಿ ಕೂತಿದೆ.

ಆದರೂ ಹೊರಳಿನ ಪಡುವಣ ದಂಡೆಯಲ್ಲಿ, ಹಳೆಯ ಹಾಳೆಯ ಮೇಲೆ, ನೀರಿಗೆ ಒತ್ತಿಕೊಂಡು ಒಂದು ಕೆಂಪು ಗೊಂಚಲು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಊರಿನ ಹೆಸರು, ಸಾಹೇಬರ ಕಾಗುಣಿತದಲ್ಲಿ. ಅವರಿಗೆ ಲಕಾರ ಳಕಾರ ಎರಡೂ ಒಂದೇ, ಆದ್ದರಿಂದ ಹೆಸರನ್ನು ಕಣ್ಣಿನಿಂದಲ್ಲ, ಬಾಯಿಂದ ಓದಬೇಕು. ಗುಡಿಯ ಗುರುತು ಇತ್ತು. ತೆಂಕಣಕ್ಕೆ ದಿಬ್ಬ ಇತ್ತು. ಹಾಗಾದರೆ ಮೊಬೈಲಿನಲ್ಲಿ ಊರು ಒಂದು ಮೈಲಿ ಮೇಲೆ ಹೋದದ್ದು ಹೇಗೆ? ಉತ್ತರ ಸುಲಭ. 2009ರ ನೆರೆಯ ನಂತರ ಉತ್ತರ ಕರ್ನಾಟಕದ ಎಷ್ಟೋ ನದಿ ದಂಡೆಯ ಊರುಗಳಿಗೆ ಎತ್ತರದ ಜಾಗದಲ್ಲಿ "ಆಸರೆ" ಮನೆಗಳನ್ನು ಕಟ್ಟಿಕೊಟ್ಟರು. ಆಯಿಯ ಊರೂ ಅವುಗಳಲ್ಲಿ ಒಂದು. ಊರು ಮೇಲೆ ಹೋಯಿತು, ಹೆಸರೂ ಹಿಂದೆ ಹೋಯಿತು, ಮೊಬೈಲಿನವರು ಹೆಸರು ಇದ್ದಲ್ಲಿ ಚುಕ್ಕೆ ಇಟ್ಟರು. ಆಯಿಯ ನೆನಪು ಕಲಸಿರಲಿಲ್ಲ, ನಾವು ನೋಡಿದ ನಕ್ಷೆ ತೀರ ಹೊಸದು.

ಆಲಮಟ್ಟಿ, ನಾರಾಯಣಪುರ, ಉಜನಿಯ ಹಿನ್ನೀರಿನ ಕಡೆಯವರು ಈ ಮಾತನ್ನು ಚೆನ್ನಾಗಿ ಬಲ್ಲಿರಿ. ಅಣೆಕಟ್ಟಿಗೆ ಮುಂಚಿನ ಹಾಳೆ ಹುಡುಕಿ. ಈಗ ಬರೀ ನೀರಿರುವ ಕಡೆ ಅದರಲ್ಲಿ ಓಣಿ, ಬಾವಿ, ಸ್ಮಶಾನ ಎಲ್ಲ ಇರುತ್ತವೆ.

ಹೋದ ವರ್ಷ ಸಂಕ್ರಾಂತಿಗೆ, ಸೋಲಾಪುರದಲ್ಲಿ ಸಿದ್ಧರಾಮನ ಜಾತ್ರೆ ಮುಗಿಸಿ, ಆಯಿಯನ್ನು ಕರೆದುಕೊಂಡು ಹೋದೆವು. ಮೇಲಿನ ಹೊಸ ಊರಿನಲ್ಲಿ ವಿಚಾರಿಸಿದರೆ ಅವಳ ಅಣ್ಣನ ಮೊಮ್ಮಕ್ಕಳು ಅಲ್ಲೇ ಇದ್ದಾರೆ! ಅಣ್ಣ ಬರಗಾಲ ಮುಗಿದ ಮೇಲೆ ವಾಪಸು ಬಂದಿದ್ದನಂತೆ. ಸುದ್ದಿ ಮಾತ್ರ ನಮ್ಮವರೆಗೆ ಬರಲಿಲ್ಲ. ಚಹಾ ಕೊಟ್ಟರು, ಕೂಡಿಸಿದರು. ಹಿರಿಯ ಮೊಮ್ಮಗ ಮಾತ್ರ ಬಾಗಿಲಲ್ಲೇ ನಿಂತಿದ್ದ. ಕೊನೆಗೆ ಕೇಳಿಯೇ ಬಿಟ್ಟ, "ಆಯೀ, ನೀವು ಪಾಲಾ ಕೇಳಾಕ ಬಂದೀರೇನ್ರಿ?"

ಅವನದು ತಪ್ಪಲ್ಲ. 2005ರ ಕಾಯ್ದೆಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು. ಎಷ್ಟೋ ಮನೆಗಳಲ್ಲಿ ಮರೆತ ಅತ್ತೆ ನಕ್ಷೆ ಹಿಡಿದು ಬಂದರೆ ಎದೆ ಧಸಕ್ಕೆನ್ನುವುದು ಸಹಜ. ಆ ಹೊಲದ ಮೇಲೆ ಅಣ್ಣತಮ್ಮಂದಿರ ವ್ಯಾಜ್ಯ ಬೇರೆ ನಡೆದಿದೆ. ಊರಿನ ಹೆಸರು ಬರೆಯದ್ದಕ್ಕೆ ಕಾರಣ ಇದೇ. ವಂಶ ಹುಡುಕಲು ಹೊರಡುವವರು ಈ ಪ್ರಶ್ನೆಗೂ ತಯಾರಾಗಿರಬೇಕು. ನಾವು ಆಗಿರಲಿಲ್ಲ, ನಮ್ಮಪ್ಪನ ಮುಖ ಸಣ್ಣದಾಯಿತು. ಪಾಲು ಕೇಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ, ಅದು ಅವಳ ಹಕ್ಕು. ಆಯಿ ಮಾತ್ರ ಚಹಾದ ಬಸಿ ಕೆಳಗಿಟ್ಟು, "ಪಾಲಾ ಇರ್ಲಿ ತಮ್ಮಾ, ಮೊದ್ಲ ಬಾವಿ ತೋರ್ಸು" ಅಂದಳು.

ಹಳೆಯ ಊರಿನಲ್ಲಿ ಗೋಡೆಗಳು ಅರ್ಧ ನಿಂತಿವೆ. ಜಾಲಿ ಬೆಳೆದಿದೆ. ಗುಡಿಗೆ ಇನ್ನೂ ಪೂಜೆ ಇದೆ. ಗುಡಿಯ ಕಟ್ಟೆಯಿಂದ ಆಯಿ ನನ್ನ ತೋಳು ಹಿಡಿದು ಎಣಿಸುತ್ತ ನಡೆದಳು. ಅವಳ ಲೆಕ್ಕಕ್ಕಿಂತ ಹೆಚ್ಚು ಹೆಜ್ಜೆ ಹಿಡಿಯಿತು, ಈಗ ಹೆಜ್ಜೆ ಸಣ್ಣದಲ್ಲವೇ. ಬಾವಿ ಅಲ್ಲೇ ಇತ್ತು, ಹೂಳು ತುಂಬಿದೆ. ಬಹಳ ಹೊತ್ತು ಕಲ್ಲಿನ ಮೇಲೆ ಕೂತಳು. ಏನೂ ಮಾತಾಡಲಿಲ್ಲ. ನಾನು ಫೋಟೋ ತೆಗೆಯಲು ಹೋಗಿ ಸುಮ್ಮನಾದೆ.

ನೀವೂ ಹುಡುಕುವುದಾದರೆ ಒಂದು ಸಮಾಧಾನದ ಸಂಗತಿ. ಹಿಂದೆ ಕರಾವಳಿ ಮತ್ತು ದೇಶದ ಗಡಿಯಿಂದ 80 ಕಿ.ಮೀ. ಒಳಗಿನ ಹಾಳೆಗಳು ಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಮಂಗಳೂರು, ಕಾಸರಗೋಡಿನವರಿಗೆ ಅದೊಂದು ಗೋಳು. 2005ರ ರಾಷ್ಟ್ರೀಯ ನಕ್ಷಾ ನೀತಿಯಲ್ಲಿ ಸೈನ್ಯಕ್ಕೆ ಬೇರೆ, ಸಾರ್ವಜನಿಕರಿಗೆ ಬೇರೆ ಹಾಳೆ ಮಾಡಿದರು. 2017ರಲ್ಲಿ ಸಾರ್ವಜನಿಕ ಹಾಳೆಗಳನ್ನು ಇಲಾಖೆಯೇ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಕೊಡಲು ಶುರುಮಾಡಿತು. 2021ರಲ್ಲಿ ನಿಯಮಗಳು ಇನ್ನೂ ಸಡಿಲವಾದವು. ಆದರೆ ಹಾಳೆ ತೆಗೆಯುವ ಮೊದಲು ಮನೆಯ ಹಿರಿಯ ಹೆಂಗಸಿನ ಪಕ್ಕ ಕೂತುಕೊಳ್ಳಿ. "ಊರು ಯಾವುದು" ಅಂತ ಕೇಳಬೇಡಿ. ನೀರು ಎಲ್ಲಿಂದ ತರುತ್ತಿದ್ದಿರಿ, ಸಂತೆಗೆ ಯಾವ ಹೊತ್ತಿಗೆ ಹೊರಡುತ್ತಿದ್ದಿರಿ, ಮನೆದೇವರ ಜಾತ್ರೆಗೆ ಎಲ್ಲಿ ವಸ್ತಿ ಮಾಡುತ್ತಿದ್ದಿರಿ ಅಂತ ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ತಿದ್ದಬೇಡಿ. ಅರ್ಥ ಆಗದ್ದೇ ಆಮೇಲೆ ಉಪಯೋಗಕ್ಕೆ ಬರುತ್ತೆ.

ವಾಪಸು ಬರುವಾಗ ಕಾರಿನಲ್ಲಿ ಆಯಿಗೆ ಹೊಸ ಹುಮ್ಮಸ್ಸು. ಅವಳ ಅವ್ವನ ತವರು ಹೊಳೆ ದಾಟಿ ಒಂದು ದಿನದ ಹಾದಿಯಂತೆ. ಊರಿನ ಹೆಸರು ಗೊತ್ತಿಲ್ಲ, "ಅವ್ವ ಬರೇ ನಮ್ಮೂರು ಅಂತಿದ್ದಳು." ಗುರುತು ಇಷ್ಟೇ: ಒಂದೇ ಕಟ್ಟೆಯ ಮೇಲೆ ಬೆನ್ನಿಗೆ ಬೆನ್ನು ಹಚ್ಚಿ ಎರಡು ಗುಡಿ, ಮುಂದೆ ಹುಣಸೆಮರ, ಗಾಣಗಾಪುರದ ಹುಣ್ಣಿಮೆಗೆ ಹೋಗುವ ಚಕ್ಕಡಿಗಳು ಅಲ್ಲಿ ರಾತ್ರಿ ನಿಲ್ಲುತ್ತಿದ್ದವು. ಹಾಳೆಯಲ್ಲಿ ಅಫಜಲಪುರದ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಹಾಕಿದ್ದೇನೆ, ಅದರೊಳಗೆ ಗುಡಿಯ ಗುರುತುಗಳು ಬಹಳ ಇವೆ. ಆ ಕಡೆಯವರು ಯಾರಾದರೂ ಇದ್ದರೆ, ಇಂಥ ಜೋಡಿಗುಡಿ ನೋಡಿದ್ದರೆ, ದಯವಿಟ್ಟು ಎರಡು ಸಾಲು ಬರೆಯಿರಿ. ಕಾರ್ಯಕ್ರಮದ ಹೊತ್ತಿಗೆ ಫೋನ್ ಮಾಡಿದರೂ ಆಯಿತು. ಹಾಡು ಆಮೇಲೆ ಹಾಕೋಣ.